ಉಚ್ಚರಿಸಬಾರದ ಹೆಸರು

ಸ್ಕಾಟ್ಲೆಂಡಿನ ಮನೆತನದ ಹೆಸರುಗಳ ಮೊದಲಿಗೆ ಬರುವ ‘ಮ್ಯಾಕ್’ ಎಂಬುದನ್ನು ಕಂಡಾಗಲೆಲ್ಲ ನನಗೆ ನಮ್ಮ ‘ಮಗ’ ಶಬ್ದ ನೆನಪಾಗುತ್ತದೆ. ಅಲ್ಲಿನ ಗೇಲಿಕ್ ಭಾಷೆಯಲ್ಲಿ ಅದರ ಅರ್ಥವೂ ಮಗನೆಂದೇ. ಹೋಲಿಕೆ ಕೇವಲ ಆಕಸ್ಮಿಕ. ಎರಡು ಭಾಷೆಗಳಿಗೂ ನಂಟಿಲ್ಲ. ಮ್ಯಾಕ್‌ಗ್ರೆಗರ್ ಎಂದರೆ ಗ್ರೆಗರನ ಮಗ. ಗ್ರೆಗರ್ ಎಂಬುದರ ಮೂಲ ಗ್ರೀಕ್ ಶಬ್ದ. ‘ಎಚ್ಚರದಿಂದಿರುವವನು’ ಎಂದು ಅದರ ಅರ್ಥ. ಈ ಹೆಸರಿನವರು ಎಚ್ಚರದಿಂದಿರಲೇಬೇಕಾದ ಕಾಲವೊಂದು ಬಂದಿತು.

ಒಂಬತ್ತನೆಯ ಶತಮಾನದ ಅರಸು ಕೆನೆತ್ ಮ್ಯಾಕಾಲ್ಪಿನ್ನನ ವಂಶದವರು ತಾವೆಂದು ಈ ಕುಲದವರ ನಂಬಿಕೆ. ದಾಖಲೆಗಳಲ್ಲಿ ಅವರು ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು 14ನೆಯ ಶತಮಾನದಲ್ಲಿ, ಬೆಟ್ಟನಾಡಿನ ಗ್ಲೆನ್ ಆರ್ಕಿ ಕಣಿವೆಯ ಸುತ್ತ. ನೆಲದ ಮೇಲೆ ಬಾಳಿದವರು ಇವರು. ನೆಲಕ್ಕೆ ಸನ್ನದು ಪಡೆದವರು ಕ್ಯಾಂಬೆಲ್ ಕುಲದವರು. ಹೀಗೆ ಹಳೆಯ ಒಡೆಯರು ಒಕ್ಕಲುಗಳಾದರು. ಅನೇಕರು ಆ ನೆಲೆಯನ್ನೂ ಕಳೆದುಕೊಂಡು ದನಗಳ ಸುಲಿಗೆಗಿಳಿದರು.

1603ರ ಫೆಬ್ರವರಿಯಲ್ಲಿ ಗ್ಲೆನ್ ಫ್ರೂಯಿನ್ ಎಂಬಲ್ಲಿ ಅವರು ಕೊಹೂನ್ ಕುಲದವರನ್ನು ದೊಡ್ಡ ಸಂಖ್ಯೆಯಲ್ಲಿ ಕೊಂದರು. ಆಗ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸ್ ಇಂಗ್ಲೆಂಡಿನ ಸಿಂಹಾಸನವೇರಲು ಲಂಡನ್ನಿಗೆ ಹೊರಡುವುದರಲ್ಲಿದ್ದ. ಏಪ್ರಿಲ್ 3ರಂದು ಅವನ ಮಂತ್ರಿಮಂಡಲಿ ಆ ಹೆಸರನ್ನೇ ನಿಷೇಧಿಸಿತು. ಹೆಸರು ಬಿಡದವರಿಗೆ ಮರಣದಂಡನೆ! ಮರುವರ್ಷ ಜನವರಿಯಲ್ಲಿ ಕುಲದ ನಾಯಕ ಎಡಿನ್‌ಬರೋದಲ್ಲಿ ಗಲ್ಲಿಗೇರಿದ.

ಅಪರಾಧಿಯನ್ನು ದಂಡಿಸುವುದು ರಾಜಧರ್ಮವಿರಬಹುದು. ಆದರೆ ಹೆಸರನ್ನೇ ಅಪರಾಧವೆಂದು ಸಾರಿದಾಗ ತೊಟ್ಟಿಲಿನ ಕೂಸೂ ಅಪರಾಧಿಯಾಗುತ್ತದೆ. ಬದುಕಬೇಕೆಂದವರು ಮರೆ, ಡ್ರಮಂಡ್, ಗ್ರಹಾಂ, ಸ್ಟೂವರ್ಟ್ ಮೊದಲಾದ ಹೆಸರುಗಳ ನೆರಳನ್ನು ಹೊಕ್ಕರು. ಕೆಲವರು ಕ್ಯಾಂಬೆಲ್ಲರೇ ಆದರು. 1661ರಲ್ಲಿ ಎರಡನೆಯ ಚಾರ್ಲ್ಸ್ ನಿಷೇಧವನ್ನು ತೆಗೆದ. 1693ರಲ್ಲಿ ಅದು ಮತ್ತೆ ಬಂದಿತು. ವಾಲ್ಟರ್ ಸ್ಕಾಟನ 1817ರ ಕಾದಂಬರಿಯಿಂದ ಜಗತ್ತಿಗೆ ಪರಿಚಿತನಾದ ರಾಬ್ ರಾಯ್ ಕೂಡ ತಾಯಿಯ ತವರಿನ ಹೆಸರಾದ ಕ್ಯಾಂಬೆಲ್ ಎಂಬುದನ್ನು ಬಳಸಬೇಕಾಯಿತು. ಅವನು 1734ರಲ್ಲಿ ತೀರಿಕೊಂಡಾಗಲೂ ನಿಷೇಧವಿತ್ತು. ಅದು ಕೊನೆಗೊಂಡದ್ದು 1774ರಲ್ಲಿ.

ಅನಂತರ ಕುಲದವರು ನಾಯಕನನ್ನಾಗಿ ಆರಿಸಿಕೊಂಡ ಜಾನ್ ಮರೆ ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿಯಾಗಿದ್ದವನು. ಅವನ ಮನೆತನ ರಾಜಾನುಮತಿಯಿಂದ ಹಳೆಯ ಹೆಸರಿಗೆ ಮರಳಿದ್ದು 1822ರಲ್ಲಿ. ಎಲ್ಲರೂ ಹೀಗೆ ಮರಳಲಿಲ್ಲ. ತಲೆಮಾರುಗಳ ಕಾಲ ಹೊತ್ತ ಎರವಿನ ಹೆಸರು ಹಲವರಿಗೆ ಸ್ವಂತದ್ದೇ ಆಗಿಹೋಗಿತ್ತು.

ಇಂದು ಮ್ಯಾಕ್‌ಗ್ರೆಗರರು ಸ್ಕಾಟ್ಲೆಂಡಿನಲ್ಲಷ್ಟೇ ಅಲ್ಲ, ಕೆನಡಾ, ಆಸ್ಟ್ರೇಲಿಯಾ, ಅಮೆರಿಕಗಳಲ್ಲಿಯೂ ಇದ್ದಾರೆ. ಅವರನ್ನೆಲ್ಲ ನಕಾಶೆಯಲ್ಲಿ ಗುರುತಿಸಿದರೂ ಕುಲದ ಹರವು ಪೂರ್ತಿಯಾಗಿ ತಿಳಿಯದು. ಅದರ ಒಂದು ಭಾಗ ಅನ್ಯರ ಹೆಸರುಗಳೊಳಗೆ ಅಡಗಿ ಕುಳಿತಿದೆ. ಅಂಥ ಒಬ್ಬ ಕ್ಯಾಂಬೆಲ್ ತನ್ನ ಹಿರಿಯರನ್ನು ಹುಡುಕುತ್ತ ಹಿಂದೆ ಹೋದರೆ, ತನ್ನವರನ್ನು ನೆಲದಿಂದೆಬ್ಬಿಸಿದವರ ವಂಶಾವಳಿಯಲ್ಲಿಯೇ ಅವರನ್ನು ಅರಸುತ್ತ ನಿಲ್ಲಬೇಕಾದೀತು. ರಾಜಾಜ್ಞೆಯನ್ನು ಹಿಂತೆಗೆದುಕೊಳ್ಳಬಹುದು; ಮರೆತುಹೋದ ಹೆಸರನ್ನು ಮರಳಿ ಕೊಡಬಲ್ಲ ಆಜ್ಞೆ ಯಾವ ಅರಸನ ಬಳಿಯೂ ಇಲ್ಲ.