ಮಿಸ್ಸಿಂಗ್ ಹೊಡೆಯುವ ಸಿಲಿಂಡರ್ ಯಾವುದು?

ಹಳೆಯ ಯೆಜ್ಡಿ ಮೋಟಾರ್ ಸೈಕಲ್ಲನ್ನು ನೀವು ನೋಡಿರಬಹುದು. ಅದರ ಎರಡು ಸೈಲೆನ್ಸರ್‌ಗಳನ್ನು ಕಂಡು ಎಂಜಿನ್ನಿನಲ್ಲಿಯೂ ಎರಡು ಸಿಲಿಂಡರ್ ಇವೆಯೆಂದು ಭಾವಿಸುವವರು ಬಹಳ. ವಾಸ್ತವವಾಗಿ 250 ಸಿಸಿಯ ಆ ಎಂಜಿನ್ನಿನಲ್ಲಿರುವುದು ಒಂದೇ ಸಿಲಿಂಡರ್. ಹೊಗೆ ಹೊರಹೋಗುವ ದಾರಿ ಮಾತ್ರ ಎರಡು. ಎಂಜಿನ್ನು ಲಯ ತಪ್ಪಿದಾಗ, ಅಂದರೆ ನಮ್ಮ ಗ್ಯಾರೇಜುಗಳ ಮಾತಿನಲ್ಲಿ 'ಮಿಸ್ಸಿಂಗ್ ಹೊಡೆದಾಗ', ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಈ ಬೈಕಿನ ಮೂಲ ಜೆಕ್ ನಾಡು. 1929ರಲ್ಲಿ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯ ವಿನ್ಯಾಸವನ್ನು ಕೊಂಡು ತಯಾರಿಕೆ ಆರಂಭಿಸಿದ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಕೂಡಿ 'ಜಾವಾ' ಆಯಿತು. ಮೈಸೂರಿನ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕೆಲಸ ಶುರುಮಾಡಿದ್ದು 1961ರಲ್ಲಿ. 1973ರಿಂದ ಬೈಕಿನ ಹೆಸರು ಯೆಜ್ಡಿ. 1996ರಲ್ಲಿ ಕಾರ್ಖಾನೆ ಮುಚ್ಚಿತು. ಹೀಗಾಗಿ ಈಗ ದೋಷವನ್ನು ತಪ್ಪಾಗಿ ಗುರುತಿಸಿದರೆ ಬೆಲೆ ದುಬಾರಿ. ಪ್ಲಗ್ಗಿನ ದೋಷಕ್ಕೆ ಹೆಡ್ ಬಿಚ್ಚಿ ಬೋರ್ ಮಾಡಿಸಿದರೆ, ಮತ್ತೆ ಸಿಗದ ಸಿಲಿಂಡರಿನ ಲೋಹ ಸುಮ್ಮನೆ ಸವೆಯುತ್ತದೆ.

ಕೆಟ್ಟ ಸಿಲಿಂಡರನ್ನು ಪತ್ತೆಹಚ್ಚುವ ಕಲೆ ಜಾವಾಕ್ಕಿಂತ ಹಳೆಯದು. 1908ರಲ್ಲಿ ಬಂದ ಫೋರ್ಡ್ 'ಮಾಡೆಲ್ ಟಿ' ಕಾರಿನಲ್ಲಿ ನಾಲ್ಕು ಸಿಲಿಂಡರಿಗೆ ನಾಲ್ಕು ಕಾಯಿಲ್. ಪ್ರತಿ ಕಾಯಿಲ್ ಮೇಲೂ ವಿದ್ಯುತ್ ಗಂಟೆಯಲ್ಲಿರುವಂತೆ ಅದುರುವ ಒಂದು ಪಟ್ಟಿ. ಎಂಜಿನ್ನು ಓಡುತ್ತಿರುವಾಗ ಒಂದು ಪಟ್ಟಿಯನ್ನು ಬೆರಳಿನಿಂದ ಅದುಮಿದರೆ ಆ ಸಿಲಿಂಡರಿನ ಕಿಡಿ ನಿಲ್ಲುತ್ತಿತ್ತು. ಎಂಜಿನ್ನಿನ ಸದ್ದು ಕುಗ್ಗಿದರೆ ಆ ಸಿಲಿಂಡರ್ ಅಲ್ಲಿಯತನಕ ಕೆಲಸ ಮಾಡುತ್ತಿತ್ತು ಎಂದರ್ಥ. ಸದ್ದು ಬದಲಾಗಲಿಲ್ಲವೆ? ಕೆಲಸಗಳ್ಳ ಸಿಕ್ಕಿಬಿದ್ದ! ಯಾವ ಉಪಕರಣವೂ ಬೇಡ, ಕಿವಿ ಸಾಕು. 1996ರಿಂದ ಅಮೆರಿಕದ ಕಾರುಗಳಲ್ಲಿ ಕಡ್ಡಾಯವಾದ ಗಣಕ ವ್ಯವಸ್ಥೆಯೂ ಇಂಥ ಸುಳಿವನ್ನೇ ಹಿಡಿಯುತ್ತದೆ: ಕಿಡಿ ತಪ್ಪಿದ ಕ್ಷಣದಲ್ಲಿ ಕ್ರ್ಯಾಂಕ್ ದಂಡದ ವೇಗ ತುಸು ಇಳಿಯುವುದನ್ನು ಅದು ಅಳೆಯುತ್ತದೆ.

ಇನ್ನು ಅವಳಿ ಸಿಲಿಂಡರಿನ ಬೈಕು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ತಂದ ರಾಜದೂತ್ 350 ಇಂಥದ್ದು. ಮೈಸೂರಿನಲ್ಲೂ ಕೆಲಕಾಲ 350 ಸಿಸಿಯ ಅವಳಿ ತಯಾರಾಯಿತು. ರಾಜದೂತ್ 350ರಲ್ಲಿ ಪ್ರತಿ ಸಿಲಿಂಡರಿಗೂ ತನ್ನದೇ ಪ್ಲಗ್, ಕಾಯಿಲ್, ಪಾಯಿಂಟ್, ಕಾರ್ಬ್ಯುರೇಟರ್ ಇವೆ. ಬಲಗಡೆ ಮಿಸ್ಸಿಂಗ್ ಇದ್ದರೆ ಎರಡೂ ಪ್ಲಗ್‌ಗಳನ್ನು ಅದಲುಬದಲು ಮಾಡಿ. ದೋಷ ಎಡಕ್ಕೆ ಬಂದರೆ ತಪ್ಪು ಪ್ಲಗ್ಗಿನದು. ಬಲದಲ್ಲೇ ಉಳಿದರೆ ಪ್ಲಗ್ ನಿರಪರಾಧಿ; ಆಮೇಲೆ ಕಾಯಿಲ್‌ಗಳನ್ನು ಬದಲಿಸಿ ನೋಡಿ. ಅದೂ ಅಲ್ಲವಾದರೆ ಪಾಯಿಂಟ್, ಕಂಡೆನ್ಸರ್, ಕೊನೆಗೆ ಕಾರ್ಬ್ಯುರೇಟರ್. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ರಯೋಗಾಲಯದಲ್ಲಿ ನಾವು ಹೇಳುವ ನಿಯಂತ್ರಿತ ಪ್ರಯೋಗವೇ ಇದು. ಆರೋಗ್ಯವಾಗಿರುವ ಸಿಲಿಂಡರ್ ಹೋಲಿಕೆಗೆ ಪಕ್ಕದಲ್ಲೇ ಇದೆ.

ಯೆಜ್ಡಿಗೆ ಈ ಭಾಗ್ಯವಿಲ್ಲ. ಹೋಲಿಕೆಯ ವಸ್ತು ಮೆಕ್ಯಾನಿಕ್ಕಿನ ಡಬ್ಬಿಯಿಂದಲೇ ಬರಬೇಕು: ಚೆನ್ನಾಗಿದೆಯೆಂದು ಗೊತ್ತಿರುವ ಒಂದು ಪ್ಲಗ್, ಒಂದು ಕಂಡೆನ್ಸರ್. ಡಬ್ಬಿಯಲ್ಲಿ ಅವಿಲ್ಲದವರು ಸಾಮಾನ್ಯವಾಗಿ ಪ್ಲಗ್ ಬಿಚ್ಚಿ, ಸಿಲಿಂಡರ್ ಹೆಡ್ಡಿಗೆ ತಾಗಿಸಿ, ಕಿಕ್ ಹೊಡೆದು "ಕರೆಂಟ್ ಬರ್ತಿದೆ" ಎಂದು ತೀರ್ಮಾನಿಸುತ್ತಾರೆ. ಈ ಪರೀಕ್ಷೆ ಅರ್ಧಸತ್ಯ. ಕಾರಣವನ್ನು 1889ರಲ್ಲೇ ಜರ್ಮನಿಯ ಭೌತವಿಜ್ಞಾನಿ ಪಾಶೆನ್ ತೋರಿಸಿದ್ದ. ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರಲು ಬೇಕಾದ ವೋಲ್ಟೇಜು, ಅನಿಲದ ಒತ್ತಡ ಮತ್ತು ಸಂದಿಯ ಅಗಲ ಇವೆರಡರ ಗುಣಲಬ್ಧವನ್ನು ಅವಲಂಬಿಸುತ್ತದೆ. ಹೊರಗಿನ ಗಾಳಿಯಲ್ಲಿ ಪ್ಲಗ್ಗಿನ 0.6 ಮಿ.ಮೀ. ಸಂದಿಗೆ ಸುಮಾರು 3000 ವೋಲ್ಟ್ ಸಾಕು. ಸಿಲಿಂಡರಿನೊಳಗೆ ಪೆಟ್ರೋಲು ಬೆರೆತ ಗಾಳಿ ಒತ್ತಿಹೋಗಿರುತ್ತದೆ. ಅಲ್ಲಿ ಇದರ ಹಲವು ಪಟ್ಟು ಬೇಕು. ಸೊರಗಿದ ಕಾಯಿಲ್ ಹೊರಗೆ ಕಿಡಿ ಕೊಡುತ್ತದೆ, ಒಳಗೆ ಸೋಲುತ್ತದೆ. ಪ್ಲಗ್ಗಿಗಿಂತ ಅಗಲವಾದ, 5-6 ಮಿ.ಮೀ. ಸಂದಿಯನ್ನು ಕಿಡಿ ದಾಟುವುದೇ ಎಂದು ನೋಡಿದರೆ ಮಾತ್ರ ಪರೀಕ್ಷೆಗೆ ಅರ್ಥವುಂಟು. ಆಗ ಎಚ್ಚರ ಬೇಕು: ಪೆಟ್ರೋಲು ಹತ್ತಿರವಿರಬಾರದು, ತಂತಿಯನ್ನು ಬರಿಗೈಯಲ್ಲಿ ಹಿಡಿಯಬಾರದು.

ಪಾಯಿಂಟನ್ನೂ ನೋಡಬೇಕು. ಇದರ ಸಂದಿ ಸುಮಾರು 0.4 ಮಿ.ಮೀ. ಪಾಯಿಂಟ್ ತೆರೆದ ಕ್ಷಣ ಕಾಯಿಲ್ಲಿನ ಪ್ರವಾಹ ಥಟ್ಟನೆ ಕಡಿದು, ವಿದ್ಯುತ್ಕಾಂತೀಯ ಪ್ರೇರಣೆಯಿಂದ ಹೆಚ್ಚಿನ ವೋಲ್ಟೇಜು ಹುಟ್ಟುತ್ತದೆ. ಅಮೆರಿಕದ ಕೆಟರಿಂಗ್ 1910ರ ಆಸುಪಾಸಿನಲ್ಲಿ ಕಾರಿಗೆ ಅಳವಡಿಸಿದ ಪದ್ಧತಿಯಿದು. ಕಂಡೆನ್ಸರ್ ಕೆಟ್ಟರೆ ಪ್ರವಾಹ ಥಟ್ಟನೆ ಕಡಿಯದೆ ಪಾಯಿಂಟಿನಲ್ಲೇ ಕಿಡಿಯಾಗಿ ಉರಿಯುತ್ತದೆ; ಪಾಯಿಂಟಿನ ಮುಖ ಸುಟ್ಟು ಗುಳಿ ಬೀಳುತ್ತದೆ.

ಕೊನೆಯದೊಂದು ತೊಡಕು ಶಾಖದ್ದು. ತುಮಕೂರಿನಿಂದ ಗುಬ್ಬಿಗೆ ಸುಮಾರು 20 ಕಿ.ಮೀ., ಮೈಸೂರು ದಾರಿಯ ಕುಣಿಗಲ್ಲಿಗೆ ಹತ್ತಿರ ಹತ್ತಿರ ಅದರ ಎರಡರಷ್ಟು. ಗುಬ್ಬಿಗೆ ಸಲೀಸಾಗಿ ಹೋಗಿಬರುವ ಬೈಕು ಕುಣಿಗಲ್ಲಿನ ಹಾದಿಯಲ್ಲಿ ಹೆಬ್ಬೂರು ದಾಟಿದ ಮೇಲೆ ಮಿಸ್ಸಿಂಗ್ ಹೊಡೆಯಲು ಶುರುಮಾಡಿ, ಅರ್ಧಗಂಟೆ ನಿಲ್ಲಿಸಿದರೆ ಮತ್ತೆ ಸರಿಹೋಗುವುದುಂಟೆ? ಹಾಗಿದ್ದರೆ ಮೊದಲು ಕಾಯಿಲ್ ಮತ್ತು ಕಂಡೆನ್ಸರ್ ಮೇಲೆ ಸಂಶಯಪಡಿ. ಬಿಸಿಗೆ ಅವುಗಳ ಒಳಗಿನ ನಿರೋಧಕ ಪದರ ಸೋಲುತ್ತದೆ, ತಣಿದರೆ ಚೇತರಿಸಿಕೊಳ್ಳುತ್ತದೆ. ಪರೀಕ್ಷೆ ನಡೆಯಬೇಕಾದ್ದು ಬೈಕು ನಿಂತ ಜಾಗದಲ್ಲಿ, ಬಿಸಿ ಇರುವಾಗಲೇ. ಮರುದಿನ ಬೆಳಗ್ಗೆ ಗ್ಯಾರೇಜಿಗೆ ಒಯ್ದರೆ ಅಲ್ಲಿ ಅದು ಒಂದೇ ಕಿಕ್ಕಿಗೆ ಶುರುವಾಗುತ್ತದೆ.