ಹರಾಜಿನ ಕೊನೆಯ ನಿಮಿಷ

1662ರ ಸೆಪ್ಟೆಂಬರಿನಲ್ಲಿ ಲಂಡನ್ನಿನಲ್ಲಿ ಇಂಗ್ಲೆಂಡಿನ ನೌಕಾಪಡೆಯ ಹಳೆಯ ಹಡಗುಗಳ ಹರಾಜು ನಡೆಯಿತು. ನೌಕಾ ಕಚೇರಿಯ ಅಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ ಅದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಆಗ ಹರಾಜಿಗೆ ಗಡಿಯಾರದ ಬದಲು ಮೋಂಬತ್ತಿ. ಒಂದಂಗುಲ ಬತ್ತಿ ಹಚ್ಚಿಡುತ್ತಿದ್ದರು. ಅದು ಆರುವ ಮುನ್ನ ಕೊನೆಗೆ ಕೂಗಿದವನಿಗೆ ಮಾಲು. ಈಸ್ಟ್ ಇಂಡಿಯಾ ಕಂಪನಿಯೂ ನಮ್ಮ ಕಡೆಯಿಂದ ಹೋದ ಸರಕನ್ನು ಲಂಡನ್ನಿನಲ್ಲಿ ಹೀಗೆಯೇ ಮಾರುತ್ತಿತ್ತು. ಆ ದಿನ ಒಬ್ಬ ಮಾತ್ರ ತಪ್ಪದೆ ಕೊನೆಯ ಕೂಗು ಕೂಗಿ ಗೆಲ್ಲುವುದನ್ನು ಪೀಪ್ಸ್ ಗಮನಿಸಿದ. ಹೇಗೆ ಎಂದು ವಿಚಾರಿಸಿದರೆ, ಬತ್ತಿ ಆರುವ ಕ್ಷಣದಲ್ಲಿ ಹೊಗೆ ಕೆಳಕ್ಕಿಳಿಯುತ್ತದೆ, ಅದೇ ಗುರುತು ಎಂದನಂತೆ. ಉಳಿದವರೆಲ್ಲ ಬೆಂಕಿ ನೋಡುತ್ತಿದ್ದರು, ಇವನು ಹೊಗೆ ನೋಡುತ್ತಿದ್ದ.

333 ವರ್ಷಗಳ ನಂತರ, 1995ರ ಸೆಪ್ಟೆಂಬರಿನಲ್ಲಿ, ಕ್ಯಾಲಿಫೋರ್ನಿಯಾದಲ್ಲಿ ಪಿಯರ್ ಒಮಿಡ್ಯಾರ್ ‘ಆಕ್ಷನ್‌ವೆಬ್’ ಶುರುಮಾಡಿದ. ಮುಂದೆ ಅದೇ ಇಬೇ ಆಯಿತು. ಊರ ಹರಾಜಿನಲ್ಲಿ ‘ಒಂದು ಸಾರಿ, ಎರಡು ಸಾರಿ’ ಎನ್ನಲು ಒಬ್ಬ ಮನುಷ್ಯ ಇರುತ್ತಾನೆ. ಅವನು ಕೊಳ್ಳುವವರ ಮುಖ ನೋಡುತ್ತಾನೆ, ಇನ್ನೂ ಆಸೆಯಿದೆ ಅನ್ನಿಸಿದರೆ ‘ಮೂರು ಸಾರಿ’ ಎನ್ನುವುದನ್ನು ತಡಮಾಡುತ್ತಾನೆ. ಇಂಟರ್ನೆಟ್ಟಿನಲ್ಲಿ ಮುಖಗಳಿಲ್ಲ. ಹಾಗಾಗಿ ಕೆಲಸ ಮತ್ತೆ ಮೋಂಬತ್ತಿಯ ಪಾಲಿಗೆ ಬಂತು, ಈ ಸಲ ಬತ್ತಿಯ ಉದ್ದವನ್ನು ಮಾರುವವನೇ ಆರಿಸಬೇಕಿತ್ತು: ಮೂರು ದಿನ, ಐದು ದಿನ, ಏಳು ದಿನ, ಹತ್ತು ದಿನ.

ಅವಧಿ ಹೆಚ್ಚಿದಷ್ಟೂ ಹೆಚ್ಚು ಕಣ್ಣು ಬೀಳುತ್ತದೆ ಎಂಬುದು ಸಾಮಾನ್ಯ ಲೆಕ್ಕ. 1999ರಲ್ಲಿ ಇಬೇಯಲ್ಲಿ ಮಾರಾಟವಾದ ‘ಇಂಡಿಯನ್ ಹೆಡ್’ ಎಂಬ ಹಳೆಯ ಅಮೆರಿಕನ್ ನಾಣ್ಯಗಳ ಹರಾಜುಗಳನ್ನು ಅರ್ಥಶಾಸ್ತ್ರಜ್ಞ ಡೇವಿಡ್ ಲಕಿಂಗ್-ರೈಲಿ ಮತ್ತು ಸಂಗಡಿಗರು ಅಳೆದು ನೋಡಿದರು. ಮೂರು ದಿನದ ಹರಾಜಿಗಿಂತ ಏಳು ದಿನದ್ದಕ್ಕೆ ಸರಾಸರಿ 24%, ಹತ್ತು ದಿನದ್ದಕ್ಕೆ 42% ಹೆಚ್ಚು ಬೆಲೆ ಸಿಕ್ಕಿತ್ತು. ಮೂರಕ್ಕೂ ಐದಕ್ಕೂ ಅಂಥ ವ್ಯತ್ಯಾಸವೇನಿರಲಿಲ್ಲ.

ಪಳಗಿದ ಮಾರಾಟಗಾರರ ಲೆಕ್ಕ ಮಾತ್ರ ಹಿಂದಿನಿಂದ ಮುಂದಕ್ಕೆ. ಇಬೇಯಲ್ಲಿ ಹರಾಜು ಶುರುವಾದ ಗಳಿಗೆಯಲ್ಲೇ ಮುಗಿಯುತ್ತದೆ. ಗುರುವಾರ ರಾತ್ರಿ ಎಂಟಕ್ಕೆ ಹಾಕಿದ್ದು ಇನ್ನೊಂದು ದಿನ ರಾತ್ರಿ ಎಂಟಕ್ಕೇ. ಆದ್ದರಿಂದ ಮೊದಲು ಮುಗಿಯುವ ಹೊತ್ತನ್ನು ಗೊತ್ತುಮಾಡಿಕೊಳ್ಳಬೇಕು: ಜನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿರುವ ಭಾನುವಾರ ಸಂಜೆ ಅನ್ನೋಣ. ಏಳು ದಿನ ಬೇಕಿದ್ದರೆ ಹಿಂದಿನ ಭಾನುವಾರ ಹಾಕಬೇಕು, ಐದಾದರೆ ಮಂಗಳವಾರ. ಹತ್ತು ದಿನಕ್ಕೆ ಗುರುವಾರ ಹಾಕಿದರೆ ಎರಡು ವಾರಾಂತ್ಯಗಳು ಒಂದೇ ಹರಾಜಿನೊಳಗೆ ಬರುತ್ತವೆ. ಹತ್ತು ದಿನಕ್ಕೆ ಇಬೇ ಚಿಕ್ಕದೊಂದು ಹೆಚ್ಚುವರಿ ಶುಲ್ಕ ಹಾಕಿದರೂ ಜನ ಕೊಟ್ಟದ್ದು ಈ ಎರಡನೆಯ ವಾರಾಂತ್ಯದ ಆಸೆಗೆ. ಪಂದ್ಯದ ಟಿಕೆಟ್ಟಿನಂಥ, ದಿನ ಕಳೆದರೆ ಕಾಗದವಾಗುವ ಮಾಲಿಗೆ ಮಾತ್ರ ಗಿಡ್ಡ ಅವಧಿಯೇ ಸರಿ. ಬಿಡ್ ಬಂದ ಮೇಲೆ ಅವಧಿ ಬದಲಿಸುವಂತಿಲ್ಲ. ತಪ್ಪು ಲೆಕ್ಕ ಹಾಕಿದವನು ಮಂಗಳವಾರ ಮಧ್ಯರಾತ್ರಿ ಖಾಲಿ ಸಂತೆಯಲ್ಲಿ ಮಾಲು ಕಳೆದುಕೊಳ್ಳಬೇಕು.

1999ರ ಜೂನ್‌ನಲ್ಲಿ ಈ ವ್ಯವಸ್ಥೆಯ ಬಣ್ಣ ಬಯಲಾಯಿತು. ಇಬೇ ಸುಮಾರು 22 ಗಂಟೆ ಕೆಟ್ಟು ನಿಂತಿತು. ಬೇರೆ ಅಂಗಡಿ ಅರ್ಧ ದಿನ ಮುಚ್ಚಿದ್ದರೆ ಅಷ್ಟು ವ್ಯಾಪಾರ ನಷ್ಟ, ಅಷ್ಟೆ. ಇಲ್ಲಿ ಹಾಗಲ್ಲ. ವಾರವಿಡೀ ಕಾದ ಹರಾಜಿನ ಕೊನೆಯ ಗಂಟೆಯೇ ನುಂಗಿಹೋದರೆ ಆ ವಾರಕ್ಕೆ ಅರ್ಥವಿಲ್ಲ. ಕಂಪನಿ ಅವಧಿ ವಿಸ್ತರಿಸಿ, ಲಕ್ಷಗಟ್ಟಲೆ ಡಾಲರ್ ಶುಲ್ಕ ಹಿಂದಿರುಗಿಸಬೇಕಾಯಿತು.

ಕೊನೆಯ ಗಂಟೆಗೆ ಅಷ್ಟು ಬೆಲೆ ಏಕೆ? ಇಬೇಯಲ್ಲಿ ‘ಇಷ್ಟರವರೆಗೆ ಹೋಗಬಲ್ಲೆ’ ಎಂದು ಮೊದಲೇ ಬರೆದಿಟ್ಟರೆ, ಯಂತ್ರವೇ ಎದುರಾಳಿಗಿಂತ ಸ್ವಲ್ಪ ಮೇಲೆ ಕೂಗುತ್ತಾ ಹೋಗುತ್ತದೆ. ಕಾಯುವ ಅಗತ್ಯವೇ ಇಲ್ಲ. ಆದರೂ ಜನ ಕೊನೆಯ ಸೆಕೆಂಡಿಗೆ ಕಾದರು. ಆಲ್ವಿನ್ ರಾತ್ ಮತ್ತು ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇಯನ್ನು ಅಮೆಜಾನಿನ ಹರಾಜಿನ ಪಕ್ಕ ಇಟ್ಟು ನೋಡಿದರು. ಹೌದು, ಅಮೆಜಾನ್ 1999ರಲ್ಲಿ ಹರಾಜನ್ನೂ ತೆರೆದಿತ್ತು. ಅಲ್ಲಿ ಕೊನೆಯ ಹತ್ತು ನಿಮಿಷದಲ್ಲಿ ಬಿಡ್ ಬಂದರೆ ಹರಾಜು ಮುಂದಕ್ಕೆ ಹೋಗುತ್ತಿತ್ತು; ಹತ್ತು ನಿಮಿಷ ಯಾರೂ ಕೂಗದೆ ಇದ್ದಾಗಲೇ ಮುಕ್ತಾಯ. ಕೊನೆಗಳಿಗೆಯ ಹೊಂಚು ಅಲ್ಲಿ ಬಹಳ ಕಡಿಮೆ. ಇಬೇಯಲ್ಲಿ ಅನುಭವ ಹೆಚ್ಚಿದವರು ಇನ್ನೂ ತಡವಾಗಿ ಕೂಗಿದರೆ, ಅಮೆಜಾನಿನಲ್ಲಿ ಬೇಗ ಕೂಗಿದರು. ಇಬೇಯಲ್ಲಿ ಕಂಪ್ಯೂಟರಿಗಿಂತ ಪ್ರಾಚೀನ ವಸ್ತುಗಳಿಗೆ ಹೊಂಚು ಹೆಚ್ಚು. ಬಲ್ಲವನೊಬ್ಬ ಮೊದಲೇ ಕೂಗಿಬಿಟ್ಟರೆ ‘ಇದು ಅಸಲಿ’ ಎಂದು ಎಲ್ಲರಿಗೂ ಸಾರಿದಂತೆ!

ಮಾರುವವನಿಗೆ ನ್ಯಾಯವಾದದ್ದು ಅಮೆಜಾನಿನ ನಿಯಮವೇ. ಗೆದ್ದದ್ದು ಇಬೇ, ಜನಸಂದಣಿ ಅಲ್ಲಿದ್ದುದರಿಂದ. ಭಾರತಕ್ಕೂ ಅದೇ ಬಂತು: ಬಾಜೀ ಡಾಟ್ ಕಾಮ್ ಅನ್ನು 2004ರಲ್ಲಿ ಕೊಂಡು ಇಬೇ ಇಂಡಿಯಾ ಆಗಿ, ಫ್ಲಿಪ್‌ಕಾರ್ಟ್ ಕೈಸೇರಿ, 2018ರ ಆಗಸ್ಟಿನಲ್ಲಿ ಮುಚ್ಚಿತು. ಅಷ್ಟರಲ್ಲಿ ಹರಾಜಿನ ಚಟವೇ ಹೋಗಿ ನಿಗದಿ ಬೆಲೆಯ ಕಾಲ ಬಂದಿತ್ತು.

ಸೋತ ನಿಯಮ ಇಲ್ಲಿ ಬೇರೆ ಬಾಗಿಲಿನಿಂದ ಒಳಬಂದಿದೆ. 2010ರ 3ಜಿ ತರಂಗಾಂತರ ಹರಾಜಿಗೆ ಮುಗಿಯುವ ದಿನವನ್ನೇ ಗೊತ್ತುಮಾಡಿರಲಿಲ್ಲ. ಕೂಗು ನಿಲ್ಲುವವರೆಗೆ 34 ದಿನ, 183 ಸುತ್ತು ನಡೆದು ಸರ್ಕಾರಕ್ಕೆ ಸುಮಾರು 67,719 ಕೋಟಿ ರೂಪಾಯಿ ಬಂತು. ಬ್ಯಾಂಕುಗಳು ಪತ್ರಿಕೆಗಳಲ್ಲಿ ಕೊಡುವ ಸಣ್ಣಕ್ಷರದ ಇ-ಹರಾಜು ಪ್ರಕಟಣೆಗಳನ್ನು ಮುಂಬೈಯಲ್ಲೋ ಹುಬ್ಬಳ್ಳಿಯಲ್ಲೋ ಎಲ್ಲರೂ ಕಂಡಿರುತ್ತಾರೆ. ಸಾಲ ತೀರದೆ ಕೈತಪ್ಪಿದ ಫ್ಲಾಟು, ಕನಿಷ್ಠ ಬೆಲೆ, ದಿನಾಂಕ, ಒಂದೋ ಎರಡೋ ಗಂಟೆಯ ಅವಧಿ. ಅದರ ಮುಂದೆ ಬಹಳಷ್ಟು ಪ್ರಕಟಣೆಗಳಲ್ಲಿ, ಕೊನೆಯಲ್ಲಿ ಬಿಡ್ ಬಂದರೆ ಐದೈದು ನಿಮಿಷಗಳ ಅಪರಿಮಿತ ವಿಸ್ತರಣೆ ಎಂಬ ಮಾತು. ಆ ಐದು ನಿಮಿಷದಲ್ಲಿ ಏರುವ ಪ್ರತಿ ಸಾವಿರ ರೂಪಾಯಿ ಸಾಲಗಾರನ ಬಾಕಿಯಿಂದ ಕಳೆಯುತ್ತದೆ. ಸಾಲ, ಬಡ್ಡಿ, ಖರ್ಚು ತೀರಿ ಮಿಕ್ಕಿದರೆ ಮಿಕ್ಕದ್ದು ಅವನದೇ.