ಏಪ್ರಿಲ್ ೧೯ರ ಕೋವಿಪಾಠ

ನಮ್ಮ ಪ್ರೌಢಶಾಲೆಯ ಎನ್.ಸಿ.ಸಿ. ಹುಡುಗರನ್ನು ಗುರಿಯಭ್ಯಾಸಕ್ಕೆ ಕರೆದೊಯ್ಯುವುದುಂಟು. ಕನ್ನಡ ಪಾಠ ಹೇಳುವವನಿಗೆ ಅಲ್ಲೇನು ಕೆಲಸ? ಆದರೂ ಹುಡುಗರ ಜೊತೆಗೆ ಹಿರಿಯರೊಬ್ಬರು ಇರಲೆಂದು ಒಂದು ವರ್ಷ ನನ್ನನ್ನೂ ಕಳುಹಿಸಿದರು. ನೆಲದ ಮೇಲೆ ಹಾಸಿದ ಜಮಖಾನೆಯಲ್ಲಿ ಬೋರಲಾಗಿ ಮಲಗಿ, ಪಾಯಿಂಟ್ ಟೂ-ಟೂ ರೈಫಲ್ ಹಿಡಿದು, ಹುಡುಗರು ಒಬ್ಬೊಬ್ಬರಾಗಿ ಐದೈದು ಗುಂಡು ಹಾರಿಸಿದರು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತೂತು ಬಿದ್ದ ಕಾಗದವನ್ನು ತಂದು ನನಗೆ ತೋರಿಸಿ, "ಸಾರ್, ಇದನ್ನು ನಾವು ಯಾತಕ್ಕೆ ಕಲೀಬೇಕು?" ಎಂದು ಕೇಳಿದ. "ದೇಶರಕ್ಷಣೆಗೆ ಕಣಯ್ಯಾ" ಎಂದೆ. ಅವನು ತಲೆಯಾಡಿಸಿ ಹೋದ. ಉತ್ತರ ತಪ್ಪಲ್ಲ, ಆದರೆ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆಗೆ ಬರೆಯುವಂಥ ಉತ್ತರ. ನನಗೇ ಅದು ಸಾಲದೆಂದು ತೋರಿತು.

ಈ ಪ್ರಶ್ನೆಯನ್ನು ಪಾಠಕ್ರಮದಲ್ಲಿಯೇ ಸೇರಿಸಿಕೊಂಡಿರುವ ಒಂದು ಶಿಬಿರ ಅಮೆರಿಕಾ ದೇಶದಲ್ಲಿದೆ. ಅದರ ವಿಚಾರವನ್ನೂ, ಅಲ್ಲಿ ಹೇಳುವ ಕಥೆಯನ್ನೂ ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಅದರ ಹೆಸರು 'ಆಪಲ್‌ಸೀಡ್', ಎಂದರೆ ಸೇಬಿನ ಬೀಜ. ಜಾನ್ ಚಾಪ್‌ಮನ್ (೧೭೭೪–೧೮೪೫) ಎಂಬ ಅಲೆಮಾರಿಯೊಬ್ಬನು ಒಹಾಯೊ, ಇಂಡಿಯಾನಾ ಸೀಮೆಗಳಲ್ಲಿ ಸೇಬಿನ ಬೀಜ ಬಿತ್ತಿ ಸಸಿಮಡಿಗಳನ್ನು ಮಾಡುತ್ತ ಸಂಚರಿಸಿದನು. ಜನ ಅವನನ್ನು ಜಾನಿ ಆಪಲ್‌ಸೀಡ್ ಎಂದು ಕರೆದರು. ಆ ಹೆಸರನ್ನಿಟ್ಟುಕೊಂಡು ೨೦೦೬ರಿಂದೀಚೆಗೆ 'ರೆವಲ್ಯೂಷನರಿ ವಾರ್ ವೆಟರನ್ಸ್ ಅಸೋಸಿಯೇಷನ್' ಎಂಬ ಸಂಸ್ಥೆಯವರು ಊರೂರುಗಳಲ್ಲಿ ಶನಿವಾರ ಭಾನುವಾರಗಳಂದು ರೈಫಲ್ ಗುರಿಯನ್ನು ಕಲಿಸುತ್ತ ಬಂದಿದ್ದಾರೆ. ಕಲಿಸುವವರಿಗೆ ಸಂಬಳವಿಲ್ಲ. ವಾರವೆಲ್ಲ ತಮ್ಮ ತಮ್ಮ ಉದ್ಯೋಗ ಮಾಡಿಕೊಂಡು, ವಾರದ ಕೊನೆಗೆ ಕೆಂಪು ಟೋಪಿ ಧರಿಸಿ ಗುರುಗಳಾಗುವ ಸ್ವಯಂಸೇವಕರು ಅವರು. ಕಲಿಯಲು ಗಂಡಸರು, ಹೆಂಗಸರು, ಮಕ್ಕಳು ಎಲ್ಲರೂ ಬರುತ್ತಾರೆ.

ಮೊದಲ ಪಾಠ ಗುಂಡು ಹಾರಿಸುವುದಲ್ಲ, ಹಾರಿಸದೆ ಇರುವುದು. ನಳಿಗೆ ಯಾವಾಗಲೂ ಅಪಾಯವಿಲ್ಲದ ದಿಕ್ಕಿಗಿರಬೇಕು. ಅಪ್ಪಣೆಯಾಗದೆ ಗುಂಡು ತುಂಬಬಾರದು. ಗುರಿ ಹಿಡಿಯುವವರೆಗೆ ಟ್ರಿಗರಿನ ಮೇಲೆ ಬೆರಳಿಡಬಾರದು. ಪಕ್ಕದವರೂ ಈ ನಿಯಮಗಳನ್ನು ಪಾಲಿಸುವಂತೆ ನೋಡಿಕೊಳ್ಳಬೇಕು. ಇಷ್ಟಾದ ಮೇಲೆ ಗುರಿಯ ಪಾಠ. ೨೫ ಗಜ ದೂರದಲ್ಲಿ ಒಂದು ಕಾಗದ. ಅದರಲ್ಲಿ ೧೦೦, ೨೦೦, ೩೦೦, ೪೦೦ ಗಜಗಳಲ್ಲಿ ಕಾಣುವಷ್ಟು ಕಿರಿದುಮಾಡಿ ಬರೆದ ಆಕೃತಿಗಳು. ನಿಂತು, ಕುಳಿತು ಅಥವಾ ಮೊಣಕಾಲೂರಿ, ಕಡೆಗೆ ಮಲಗಿ, ಒಟ್ಟು ೪೦ ಗುಂಡು. ಪೂರ್ಣಾಂಕ ೨೫೦, ೨೧೦ ಬಂದವರಿಗೆ 'ರೈಫಲ್‌ಮನ್' ಎಂಬ ಬಟ್ಟೆಯ ಬಿಲ್ಲೆ ದೊರೆಯುತ್ತದೆ.

ದ್ರೋಣಾಚಾರ್ಯನ ಪರೀಕ್ಷೆ ನಿಮಗೆ ನೆನಪಿದ್ದೇ ಇದೆ. ಅರ್ಜುನನಿಗೆ ಮರ ಕಾಣಲಿಲ್ಲ, ಕೊಂಬೆ ಕಾಣಲಿಲ್ಲ, ಹಕ್ಕಿಯ ತಲೆಯ ಹೊರತು ಬೇರೇನೂ ಕಾಣಲಿಲ್ಲ. ರೈಫಲ್ಲಿನ ಗುರು ಹೇಳುವುದು ಇದಕ್ಕೆ ವಿರುದ್ಧ. ಕಣ್ಣು ನಳಿಗೆಯ ತುದಿಯಲ್ಲಿರುವ ಮೊನೆಯ ಮೇಲಿರಲಿ, ಗುರಿ ಮಸುಕಾಗಿ ಕಂಡರೂ ಚಿಂತೆಯಿಲ್ಲ ಎನ್ನುತ್ತಾನೆ. ಕಣ್ಣು ಏಕಕಾಲದಲ್ಲಿ ಎರಡು ದೂರಗಳನ್ನು ಸ್ಫುಟವಾಗಿ ನೋಡಲಾರದು. ಮೊನೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೆ ದೂರದಲ್ಲಿ ಅದು ಗೇಣಾಗುತ್ತದೆ. ಇನ್ನೊಂದು ಪಾಠ: ಗುರಿ ಹಿಡಿದು, ಕಣ್ಣು ಮುಚ್ಚಿ, ಒಮ್ಮೆ ಉಸಿರಾಡಿ, ಮತ್ತೆ ಕಣ್ಣು ತೆರೆಯಬೇಕು. ಮೊನೆ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಕೋವಿಯನ್ನು ಒತ್ತಿ ತರಬಾರದು, ಇಡೀ ಮೈಯನ್ನೇ ಸರಿಸಿಕೊಳ್ಳಬೇಕು. ಬಲಾತ್ಕಾರದಿಂದ ಹಿಡಿದ ಗುರಿ ಗುಂಡು ಹೊರಡುವ ಹೊತ್ತಿಗೆ ತಪ್ಪುತ್ತದೆ.

ಗುಂಡಿನ ಸರದಿಗಳ ನಡುವೆ, ಊಟದ ಬಿಡುವಿನಲ್ಲಿ, ಕೆಂಪು ಟೋಪಿಯವರು ಒಂದು ಕಥೆ ಹೇಳುತ್ತಾರೆ. ಎಲ್ಲ ಶಿಬಿರಗಳಲ್ಲಿಯೂ ಒಂದೇ ಕಥೆ: ೧೭೭೫ರ ಏಪ್ರಿಲ್ ೧೯ರ ಒಂದು ದಿನದ ಕಥೆ.

ಆಗ ಅಮೆರಿಕಾದ ಹದಿಮೂರು ವಸಾಹತುಗಳು ಬ್ರಿಟಿಷ್ ದೊರೆಗೆ ಅಧೀನವಾಗಿದ್ದವು. ತೆರಿಗೆಯ ಜಗಳ ಬೆಳೆದು, ೧೭೭೩ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹಾದ ಪೆಟ್ಟಿಗೆಗಳು ಸಮುದ್ರದ ಪಾಲಾಗಿದ್ದವು. ಮರುವರ್ಷ ಪಾರ್ಲಿಮೆಂಟು ಆ ಬಂದರನ್ನೇ ಮುಚ್ಚಿತು. ಮ್ಯಾಸಚೂಸೆಟ್ಸ್ ಸೀಮೆಯ ಕಾನೂನಿನಂತೆ ಪ್ರಾಯದ ಗಂಡಸರೆಲ್ಲ ಸ್ವಂತ ಕೋವಿ ಇಟ್ಟುಕೊಂಡು, ಗೊತ್ತಾದ ದಿನಗಳಲ್ಲಿ ಊರ ಬಯಲಿನಲ್ಲಿ ಕವಾಯಿತು ಮಾಡಬೇಕಾಗಿತ್ತು. ಈ ಊರಪಡೆಗಳಿಂದ ಆಯ್ದ ಕೆಲವರು, ಕರೆ ಬಂದರೆ ನಿಮಿಷದಲ್ಲಿ ಹೊರಡುವವರು, 'ಮಿನಿಟ್‌ಮನ್' ಎನ್ನಿಸಿಕೊಂಡರು. ಆಕ್ಟನ್ ಎಂಬ ಹಳ್ಳಿಯಲ್ಲಿ ಐಸಾಕ್ ಡೇವಿಸ್ ಎಂಬವನು ಇಂಥ ದಳದ ನಾಯಕ. ಕೋವಿ ಮಾಡುವುದು ಅವನ ಕಸುಬು. ತನ್ನ ಮನೆಯ ಹಿಂದೆಯೇ ಗುರಿಯಭ್ಯಾಸದ ಸ್ಥಳವೊಂದನ್ನು ಮಾಡಿಕೊಂಡು, ನೆರೆಹೊರೆಯವರಿಗೆ ವಾರಕ್ಕೆ ಎರಡು ಸಾರಿ ಅಭ್ಯಾಸ ಮಾಡಿಸುತ್ತಿದ್ದನು. ತನ್ನ ದಳದವರ ಕೋವಿಗಳಿಗೆ ಬಯೊನೆಟ್ಟುಗಳನ್ನು ಒದಗಿಸಿದ್ದನು. ಇಂದಿನ ವಾರಾಂತ್ಯದ ಗುರುಗಳ ಮೂಲಪುರುಷನನ್ನು ಹುಡುಕುವುದಾದರೆ ಇವನ ಹಿತ್ತಲಿನಲ್ಲಿಯೇ ಹುಡುಕಬೇಕು.

ಬಾಸ್ಟನ್ನಿನಲ್ಲಿದ್ದ ಗವರ್ನರ್ ಜನರಲ್ ಗೇಜನಿಗೆ, ಇಪ್ಪತ್ತು ಮೈಲಿಯಾಚೆ ಕಾಂಕರ್ಡ್ ಊರಿನಲ್ಲಿ ಮದ್ದುಗುಂಡುಗಳ ದಾಸ್ತಾನಿದೆಯೆಂಬ ವರ್ತಮಾನ ಬಂದಿತು. ಏಪ್ರಿಲ್ ೧೮ರ ರಾತ್ರಿ ಸುಮಾರು ೭೦೦ ಸಿಪಾಯಿಗಳು ಗುಟ್ಟಾಗಿ ದೋಣಿಯಲ್ಲಿ ನದಿ ದಾಟಿ ಹೊರಟರು. ಗುಟ್ಟು ಉಳಿಯಲಿಲ್ಲ. ಚರ್ಚಿನ ಗೋಪುರದಲ್ಲಿ ಎರಡು ಲಾಂದ್ರಗಳು ಬೆಳಗಿ, ಸೈನ್ಯ ಜಲಮಾರ್ಗದಿಂದ ಬರುತ್ತಿದೆಯೆಂದು ಆಚೆಯ ದಡಕ್ಕೆ ತಿಳಿಸಿದವು. ಪಾಲ್ ರೆವೇರ್ ಎಂಬ ಬೆಳ್ಳಿಯ ಕೆಲಸಗಾರನೂ ವಿಲಿಯಂ ಡಾಸ್ ಎಂಬವನೂ ಬೇರೆ ಬೇರೆ ದಾರಿಗಳಲ್ಲಿ ಕುದುರೆಯೇರಿ ಹೊರಟರು. ರೆವೇರನೇ ಕಾಂಕರ್ಡಿಗೆ ಸುದ್ದಿ ಮುಟ್ಟಿಸಿದನೆಂದು ನಂಬಿರುವವರು ಬಹಳ ಮಂದಿ. ಆದರೆ ಅವನು ಲೆಕ್ಸಿಂಗ್ಟನ್ ದಾಟಿದ ಮೇಲೆ ಸೆರೆಸಿಕ್ಕಿದನು. ದಾರಿಯಲ್ಲಿ ಜೊತೆಗೂಡಿದ್ದ ಸ್ಯಾಮ್ಯುಯಲ್ ಪ್ರೆಸ್ಕಟ್ ಎಂಬ ತರುಣ ವೈದ್ಯನು ಕುದುರೆಯನ್ನು ಕಲ್ಲುಗೋಡೆಯ ಮೇಲಿಂದ ಹಾರಿಸಿ ಕಾಂಕರ್ಡನ್ನು ಮುಟ್ಟಿದನು.

ಬೆಳಗಿನ ಐದರ ಸುಮಾರಿಗೆ ಬ್ರಿಟಿಷ್ ಮುಂಪಡೆ ಲೆಕ್ಸಿಂಗ್ಟನ್ ಬಯಲಿಗೆ ಬಂದಾಗ ಅಲ್ಲಿ ನಿಂತಿದ್ದವರು ೭೭ ಮಂದಿ ಊರವರು. ಅವರ ನಾಯಕ ಜಾನ್ ಪಾರ್ಕರ್ ಕ್ಷಯರೋಗಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಎದುರಾಳಿಗಳ ಸಂಖ್ಯೆಯನ್ನು ಕಂಡು ಅವನು ತನ್ನವರಿಗೆ ಚದುರಲು ಹೇಳಿದನು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಗುಂಡು ಹಾರಿತು. ಹಾರಿಸಿದವರು ಯಾರೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಬ್ರಿಟಿಷರ ಸಾಲುಗಳು ಅಪ್ಪಣೆಗೆ ಕಾಯದೆ ಗುಂಡು ಸುರಿಸಿದವು. ಊರವರಲ್ಲಿ ಎಂಟು ಮಂದಿ ಸತ್ತರು. ಗಾಯಗೊಂಡವರಲ್ಲಿ ಪ್ರಿನ್ಸ್ ಎಸ್ಟಬ್ರೂಕ್ ಎಂಬ ಕಪ್ಪು ಜನಾಂಗದ ಗುಲಾಮನೊಬ್ಬನಿದ್ದನು. ಸ್ವಾತಂತ್ರ್ಯದ ಮೊದಲ ಬೆಳಗಿನಲ್ಲಿ ರಕ್ತ ಸುರಿಸಿದವರಲ್ಲಿ ಸ್ವತಃ ಸ್ವತಂತ್ರನಲ್ಲದವನೂ ಒಬ್ಬನಿದ್ದನೆಂಬುದನ್ನು ಮರೆಯಬಾರದು.

ಸೈನ್ಯ ಕಾಂಕರ್ಡಿಗೆ ಹೋಯಿತು. ದಾಸ್ತಾನು ಹುಡುಕಿ, ಸಿಕ್ಕ ಮರದ ಸಾಮಾನುಗಳಿಗೆ ಬೆಂಕಿಯಿಟ್ಟಿತು. ಬೆಂಕಿ ಊರಿನ ಸಭಾಭವನಕ್ಕೆ ತಗುಲಿತು. ಮಾರ್ಥಾ ಮೌಲ್ಟನ್ ಎಂಬ ೭೧ ವರ್ಷದ ವಿಧವೆ ಸಿಪಾಯಿಗಳೊಡನೆ ಅಂಗಲಾಚಿ, ವಾದಿಸಿ, ಅವರ ಕೈಯಿಂದಲೇ ಬೆಂಕಿಯನ್ನು ಆರಿಸಿದಳು. ಆದರೆ ಉತ್ತರದ ಸೇತುವೆಯಾಚೆ ಗುಡ್ಡದ ಮೇಲೆ ನೆರೆದಿದ್ದ ನಾನ್ನೂರರಷ್ಟು ಮಂದಿಗೆ ಕಂಡದ್ದು ಹೊಗೆ ಮಾತ್ರ. ಊರನ್ನೇ ಸುಡುತ್ತಿದ್ದಾರೆಂದು ಅವರು ತಿಳಿದರು. ಕರ್ನಲ್ ಬ್ಯಾರೆಟ್ ಮುಂದುವರಿಯಲು ಹೇಳಿದನು. ಅವರು ಹಾರಿಸದ ಹೊರತು ನೀವು ಹಾರಿಸಕೂಡದೆಂದು ಕಟ್ಟಾಜ್ಞೆಯನ್ನೂ ಮಾಡಿದನು. ಬಯೊನೆಟ್ಟುಗಳಿದ್ದ ಆಕ್ಟನ್ನಿನ ದಳ ಮುಂದೆ ನಿಂತಿತು. ಹೋಗಲು ಅಂಜುವವನು ನನ್ನಲ್ಲಿ ಒಬ್ಬನೂ ಇಲ್ಲವೆಂದು ಡೇವಿಸ್ ಹೇಳಿದನೆಂದು ಪ್ರತೀತಿ. ಆಜ್ಞೆಯಂತೆ ಅವರು ಗುಂಡು ಹಾರಿಸದೆಯೇ ಸೇತುವೆಯ ಕಡೆಗೆ ನಡೆದರು. ಬ್ರಿಟಿಷರು ಮೊದಲು ಹಾರಿಸಿದರು. ಡೇವಿಸನೂ ಅವನ ದಳದ ಏಬ್ನರ್ ಹಾಸ್ಮರನೂ ಅಲ್ಲಿಯೇ ಬಿದ್ದರು. ಆಮೇಲೆ ಊರವರ ಕೋವಿಗಳು ಉತ್ತರ ಕೊಟ್ಟವು. ಮೂವರು ಸಿಪಾಯಿಗಳು ಪ್ರಾಣ ಕಳೆದುಕೊಂಡರು, ದೊರೆಯ ಸೈನ್ಯ ಹಿಮ್ಮೆಟ್ಟಿತು.

ಮಧ್ಯಾಹ್ನ ಸೈನ್ಯ ಬಾಸ್ಟನ್ನಿನ ದಾರಿ ಹಿಡಿದಾಗ, ಗೋಡೆಗಳ ಮರೆಯಿಂದ, ಮರಗಳ ಮರೆಯಿಂದ, ಹಳ್ಳಿಹಳ್ಳಿಗಳ ದಳಗಳು ಮೈಲಿಗಟ್ಟಲೆ ಅದನ್ನು ಕಾಡಿದವು. ಬೆಳಗ್ಗೆ ಚದುರಿಹೋಗಿದ್ದ ಪಾರ್ಕರನ ಜನರೂ ಮತ್ತೆ ಬಂದು ಸೇರಿಕೊಂಡರು. ಮೆನಾಟಮಿ ಎಂಬಲ್ಲಿ ಎಂಬತ್ತರ ಆಸುಪಾಸಿನ ಸ್ಯಾಮ್ಯುಯಲ್ ವಿಟ್ಟಮೋರ್ ಎಂಬ ಮುದುಕ ಒಬ್ಬನೇ ನಿಂತು ಕಾದಾಡಿ, ಗುಂಡಿನ ಏಟನ್ನೂ ಬಯೊನೆಟ್ಟಿನ ತಿವಿತಗಳನ್ನೂ ತಿಂದು, ಬದುಕಿ ಉಳಿದು, ಇನ್ನೂ ೧೮ ವರ್ಷ ಬಾಳಿದನು. ಲಾರ್ಡ್ ಪರ್ಸಿ ಸಾವಿರ ಮಂದಿಯನ್ನೂ ಎರಡು ಫಿರಂಗಿಗಳನ್ನೂ ತರದಿದ್ದರೆ ಮೊದಲ ಸೈನ್ಯ ಹಿಂದಿರುಗುವುದೇ ಸಂಶಯವಾಗಿತ್ತು. ದಿನದ ಲೆಕ್ಕ ಹೀಗೆ: ಬ್ರಿಟಿಷರಲ್ಲಿ ಸತ್ತವರು ೭೩, ಗಾಯಗೊಂಡವರು ೧೭೪, ಕಾಣೆಯಾದವರು ೨೬, ವಸಾಹತಿನವರಲ್ಲಿ ಸತ್ತವರು ೪೯, ಗಾಯಗೊಂಡವರು ಸುಮಾರು ೪೦, ಕಾಣೆಯಾದವರು ೫.

ಈಗ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಕಥೆಯನ್ನು ಕೇಳಿದವರು, ರೈತರು ರೈಫಲ್ಲಿನ ಗುರಿಯಿಂದ ಸಾಮ್ರಾಜ್ಯವನ್ನು ಸೋಲಿಸಿದರೆಂದು ತಿಳಿಯುವುದು ಸಹಜ. ಆದರೆ ಅಂದು ಎರಡು ಕಡೆಯವರ ಕೈಯಲ್ಲೂ ಇದ್ದವು ಬಹುಮಟ್ಟಿಗೆ ಮಸ್ಕೆಟ್ಟುಗಳು. ಮಸ್ಕೆಟ್ಟಿನ ನಳಿಗೆಯ ಒಳಗೋಡೆ ನುಣುಪು. ಗುಂಡು ಸಡಿಲವಾಗಿ ಹೊರಟು, ನೂರು ಗಜದಾಚೆ ಎಲ್ಲಿಗೆ ಹೋದೀತೆಂದು ಹೇಳುವಂತಿಲ್ಲ. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ; ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳುಹಿಸುತ್ತವೆ. ಅಂಥ ಕೋವಿಗಳು ಪೆನ್ಸಿಲ್ವೇನಿಯಾ, ವರ್ಜೀನಿಯಾ ಕಡೆಯ ಬೇಟೆಗಾರರಲ್ಲಿದ್ದವು. ಅವರ ದಳಗಳನ್ನು ಕಟ್ಟಲು ಅಮೆರಿಕಾದ ಕಾಂಗ್ರೆಸ್ ಅಪ್ಪಣೆಯಿತ್ತದ್ದು ೧೭೭೫ರ ಜೂನ್ ೧೪ರಂದು, ಎಂದರೆ ಎರಡು ತಿಂಗಳ ಮೇಲೆ. ಏಪ್ರಿಲ್ ೧೯ರಂದು ಹಾರಿದ ನೂರಾರು ಗುಂಡುಗಳಲ್ಲಿ ಒಂದೊಂದು ಮಾತ್ರ ಯಾರಿಗಾದರೂ ತಗುಲಿತು.

ಹಾಗಾದರೆ ಊರವರನ್ನು ಗೆಲ್ಲಿಸಿದ್ದು ಯಾವುದು? ವರ್ಷಗಟ್ಟಲೆ ಒಟ್ಟಿಗೆ ಕವಾಯಿತು ಮಾಡಿದ್ದ ಪರಿಚಯ. ಹಳ್ಳಿಯಿಂದ ಹಳ್ಳಿಗೆ ಸುದ್ದಿ ಮುಟ್ಟಿಸಲು ಮೊದಲೇ ಮಾಡಿಕೊಂಡಿದ್ದ ಏರ್ಪಾಡು. ತಾವೇ ಆರಿಸಿದ ನಾಯಕನ ಮಾತಿಗೆ ಕಟ್ಟುಬೀಳುವ ಅಭ್ಯಾಸ. ಲೆಕ್ಸಿಂಗ್ಟನ್ನಿನಲ್ಲಿ ಬ್ರಿಟಿಷ್ ಸಿಪಾಯಿಗಳು ಅಪ್ಪಣೆಗೆ ಕಾಯಲಿಲ್ಲ. ಸೇತುವೆಯ ಬಳಿ ರೈತರು ಕಾದರು. ನನ್ನ ದೃಷ್ಟಿಯಲ್ಲಿ ಆ ದಿನದ ಸಾರವೆಲ್ಲ ಈ ವ್ಯತ್ಯಾಸದಲ್ಲಿದೆ. ಆ ಹೊಗೆಯನ್ನೂ ನೆನೆಯಬೇಕು. ಗುಡ್ಡದ ಮೇಲಿನವರು ಕಂಡದ್ದು ನಿಜ, ತಿಳಿದದ್ದು ತಪ್ಪು. ಕೈ ಎಷ್ಟು ಸ್ಥಿರವಾಗಿದ್ದರೂ ದೂರದ ಹೊಗೆಯ ಅರ್ಥವನ್ನು ಅದು ಹೇಳಿಕೊಡಲಾರದು.

ಇನ್ನೊಂದು ಸಂಗತಿಯಿದೆ. ಡೇವಿಸನಿಗೆ ಆಗ ೩೦ ವರ್ಷ. ಮನೆಯಲ್ಲಿ ನಾಲ್ಕು ಮಕ್ಕಳು, ಎಲ್ಲಕ್ಕೂ ಖಾಯಿಲೆ. ಹೆಂಡತಿ ಹ್ಯಾನ್ನಾ ೮೯ರ ಮುದುಕಿಯಾದ ಮೇಲೆ, ೧೮೩೫ರಲ್ಲಿ, ಆ ಬೆಳಗ್ಗೆ ನಡೆದುದನ್ನು ಹೇಳಿ ಬರೆಸಿದಳು. ದಳದೊಡನೆ ಹೊರಟವನು ತಿರುಗಿ ನೋಡಿದನು. ಏನನ್ನೋ ಹೇಳುವವನಂತೆ ತೋರಿದನು. ಕಡೆಗೆ ಮಕ್ಕಳನ್ನು ಚೆನ್ನಾಗಿ ನೋಡಿಕೋ ಎಂದಷ್ಟೇ ಹೇಳಿ ಹೋದನು. ಮಧ್ಯಾಹ್ನ ಅವನ ದೇಹವನ್ನು ಮನೆಗೆ ತಂದು ಅವಳ ಮಲಗುವ ಕೋಣೆಯಲ್ಲಿ ಇಟ್ಟರು. ಅರವತ್ತು ವರ್ಷಗಳ ಮೇಲೂ ಅವಳಿಗೆ ಆ ಮುಖ ನೆನಪಿನಲ್ಲಿತ್ತು. ಸೇತುವೆಯ ಬಳಿ ಬಿದ್ದ ಬ್ರಿಟಿಷ್ ಸಿಪಾಯಿಗಳ ಸಮಾಧಿಯೂ ಅಲ್ಲಿಯೇ ಇದೆ. ಅವರ ಮನೆಗಳು ಸಮುದ್ರದಾಚೆ ಇದ್ದವು. ಅಲ್ಲಿ ಕಾದಿದ್ದವರು ಏನು ಹೇಳಿದರೋ ಯಾರೂ ಬರೆದಿಡಲಿಲ್ಲ. ೧೮೭೫ರಲ್ಲಿ ಅದೇ ಸ್ಥಳದಲ್ಲಿ ಶಿಲ್ಪಿ ಡೇನಿಯಲ್ ಚೆಸ್ಟರ್ ಫ್ರೆಂಚ್ ಮಾಡಿದ ಪ್ರತಿಮೆಯನ್ನು ನಿಲ್ಲಿಸಿದರು. ನೇಗಿಲನ್ನು ಬಿಟ್ಟು ಕೋವಿ ಹಿಡಿದು ಹೊರಟ ರೈತನ ಪ್ರತಿಮೆ ಅದು.

ಅಮೆರಿಕಾದಲ್ಲಿ ಕೋವಿಯ ವಿಷಯ ಇಂದು ದೊಡ್ಡ ವಾದಕ್ಕೆ ಕಾರಣವಾಗಿದೆ. ಕೋವಿಯಿಂದ ಅಲ್ಲಿ ಆಗುತ್ತಿರುವ ಸಾವುನೋವುಗಳನ್ನು ವಾರ್ತೆಗಳಲ್ಲಿ ನೀವೂ ಕೇಳುತ್ತೀರಿ. ಆ ವಾದವನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಆದರೆ ಮೇಷ್ಟರಾಗಿ ಒಂದು ಮಾತು ಹೇಳಬಲ್ಲೆ. ಗುರಿಯನ್ನು ಕಲಿಸುವವರು ಕಥೆಯನ್ನೂ ಹೇಳುವುದು ಒಳ್ಳೆಯ ಪದ್ಧತಿ. ಕಥೆ ಹೇಳುವವರು ಅದನ್ನು ಪೂರ್ತಿಯಾಗಿ ಹೇಳಬೇಕು. ಲಾಂದ್ರವನ್ನೂ ಕುದುರೆಯನ್ನೂ ಹೇಳಿ, ಹ್ಯಾನ್ನಾಳ ಕೋಣೆಯನ್ನು ಬಿಟ್ಟರೆ ಅದು ಅರ್ಧಪಾಠ.

ಆ ಒಂಬತ್ತನೆಯ ತರಗತಿಯ ಹುಡುಗ ಈಗ ಎಲ್ಲಿದ್ದಾನೋ ತಿಳಿಯದು. ಮತ್ತೆ ಸಿಕ್ಕಿ ಅದೇ ಪ್ರಶ್ನೆ ಕೇಳಿದರೆ, 'ಕೂತುಕೋ, ಸ್ವಲ್ಪ ಹೊತ್ತು ಬೇಕು' ಎಂದು ಹೇಳಿ, ಆಕ್ಟನ್ನಿನ ಹಿತ್ತಲಿನಿಂದ ಆರಂಭಿಸುತ್ತೇನೆ. ನಿಮ್ಮ ಮನೆಯಲ್ಲಿಯೂ ಖಾಕಿ ತೊಟ್ಟು ಕವಾಯಿತಿಗೆ ಹೋಗುವ ಮಕ್ಕಳಿದ್ದರೆ, ರಾತ್ರಿಯ ಊಟವಾದ ಮೇಲೆ ಈ ಕಥೆಯನ್ನು ಅವರಿಗೆ ಹೇಳಿ ನೋಡಿರಿ.